ಮರು: ‘ಡೈನಾಮಿಕ್ ಆಪ್ಟಿಮೈಸೇಶನ್’ಗೆ ಕನ್ನಡ ಪದ ಬೇಕು, ನಾಳೆಯೇ ಫಲಕ ಅಚ್ಚಿಗೆ

> ಬಾಗಲಕೋಟೆಯಲ್ಲಿ ವಿದ್ಯಾರ್ಥಿಗಳ ವಿಜ್ಞಾನ ಪ್ರದರ್ಶನ. ಆಲಮಟ್ಟಿಯಿಂದ ಯಾವಾಗ ಎಷ್ಟು ನೀರು ಬಿಡಬೇಕೆಂದು ಜೆನೆಟಿಕ್ ಅಲ್ಗಾರಿದಂನಿಂದ ಲೆಕ್ಕ ಹಾಕಿದ್ದಾರೆ. ‘ಚಲನಶೀಲ ಗರಿಷ್ಠೀಕರಣ’ ನಡೆಯುತ್ತದಾ?

ನಡೆಯುವುದಿಲ್ಲ. ಡೈನಾಮಿಕ್ ಆಪ್ಟಿಮೈಸೇಶನ್ ಅಂದರೆ ಪರಿಸ್ಥಿತಿ ಬದಲಾದ ಹಾಗೆಲ್ಲ ಸರಿಯಾದ ಉತ್ತರವನ್ನು ಮತ್ತೆ ಹುಡುಕುವುದು. ಗರಿಷ್ಠ ಅಂದರೆ ಅತಿ ಹೆಚ್ಚು. ಈ ಲೆಕ್ಕದಲ್ಲಿ ಎಷ್ಟೋ ಸಲ ಅತಿ ಕಡಿಮೆಯೇ ಬೇಕು. ನದಿದಂಡೆಯ ಊರಿಗೆ ನುಗ್ಗುವ ನೀರನ್ನು ಗರಿಷ್ಠ ಮಾಡ್ತೀರಾ?

ನನ್ನ ಪದ ‘ಹದ’. ವಿಜಯಪುರದ ಎರೆ ಹೊಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಬಿದ್ದ ಮರುದಿನ ಹೊಲಕ್ಕಿಳಿದರೆ ಮಣ್ಣು ಕಾಲಿಗೆ ಮೆತ್ತುತ್ತದೆ. ಜಾಸ್ತಿ ತಡ ಮಾಡಿದರೆ ಹಸಿ ಆರಿ ಬಿಳಿಜೋಳ ಹುಟ್ಟುವುದಿಲ್ಲ. ನಡುವೆ ಎಲ್ಲೋ ಹದ ಇದೆ. ಅದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಇದ್ದಲ್ಲಿ ಇರುವುದೂ ಇಲ್ಲ. ‘ಡೈನಾಮಿಕ್’ ಈ ಪದದ ಹೊಟ್ಟೆಯಲ್ಲೇ ಇದೆ, ಅಲ್ವಾ? ಆಲಮಟ್ಟಿಯದೂ ಇದೇ ಕತೆ. 519.60 ಮೀಟರ್‌ವರೆಗೆ ತುಂಬಿಸಬೇಕು. ಆದರೆ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಹಳೆ ಲೆಕ್ಕ ಕೆಲಸಕ್ಕೆ ಬಾರದು.

ಜೆನೆಟಿಕ್ ಅಲ್ಗಾರಿದಂ ಹಲವು ಉತ್ತರಗಳನ್ನು ತಳಿಗಳ ಹಾಗೆ ಬೆರೆಸಿ, ಒಳ್ಳೆಯವನ್ನು ಉಳಿಸಿಕೊಂಡು, ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸುತ್ತದೆ. ಆ ಉತ್ತರಗಳೆಲ್ಲ ಒಂದೇ ತಳಿಯಾಗಿಬಿಟ್ಟರೆ ಹೊಸ ಹದ ಸಿಗುವುದಿಲ್ಲ. ಅದಕ್ಕೇ 1990ರಲ್ಲಿ ಸಂಶೋಧಕಿ ಹೆಲೆನ್ ಕಾಬ್, ಉತ್ತರ ಕೆಟ್ಟಾಗ ಮ್ಯುಟೇಶನ್ (ಉತ್ತರದಲ್ಲಿ ಅಲ್ಲಲ್ಲಿ ಮಾಡುವ ಆಕಸ್ಮಿಕ ಬದಲಾವಣೆ) ಏರಿಸುವ ದಾರಿ ತೋರಿಸಿದರು. 1992ರಲ್ಲಿ ಇನ್ನೊಬ್ಬ ಸಂಶೋಧಕ ಜಾನ್ ಗ್ರೆಫೆನ್‌ಸ್ಟೆಟ್ ಪ್ರತಿ ಪೀಳಿಗೆಗೂ ಒಂದಷ್ಟು ಹೊಸ ಉತ್ತರಗಳನ್ನು ಹೊರಗಿನಿಂದ ಸೇರಿಸಿದರು. ಇಂಗ್ಲಿಷಿನಲ್ಲಿ ಅವು ‘ರ‍್ಯಾಂಡಮ್ ಇಮಿಗ್ರಂಟ್ಸ್’. ಅವಕ್ಕೆ ‘ಯಾದೃಚ್ಛಿಕ ವಲಸಿಗರು’ ಬೇಡ. ‘ಹೊರಗಿನ ಬೀಜ’ ಅನ್ನಿ. ಎರಡು ಉತ್ತರಗಳನ್ನು ಸೇರಿಸಿ ಹೊಸದು ಮಾಡುವ ಕ್ರಾಸ್‌ಓವರ್‌ಗೆ ‘ಬೆರಕೆ’ ಸಾಕು.

‘ಅಲ್ಗಾರಿದಂಗೆ ಕ್ರಮಾವಳಿಯೇ ಆಗಬೇಕು, ಇಂಗ್ಲಿಷ್ ಪದ ಬೇಡ’ ಎಂದ ಬೆಳಗಾವಿಯ ಗೆಳೆಯರಿಗೆ ಒಂದು ಮಾತು. ಅಲ್ಗಾರಿದಂ ಇಂಗ್ಲಿಷಿನ ಸ್ವಂತ ಪದವಲ್ಲ. 9ನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರು ಲ್ಯಾಟಿನ್‌ಗೆ ಹೋಗಿ ಹೀಗಾಯಿತು. ಹೆಸರನ್ನು ಯಾರಾದರೂ ಅನುವಾದಿಸುತ್ತಾರಾ? ‘ರೈತ’ ಅರಬ್ಬಿ ಮೂಲದ್ದು, ‘ಜಮೀನು’ ಫಾರ್ಸಿಯದು. ಅವನ್ನೂ ಹೊರಗೆ ಹಾಕಿದರೆ ನಮ್ಮ ಕಡೆ ಹೊಲದ ಮಾತೇ ನಿಂತುಹೋಗುತ್ತದೆ. ನನ್ನ ಸಿಟ್ಟು ಎರವಲಿನ ಮೇಲಲ್ಲ. ಹದದಂಥ ಪದ ಮನೆಯಲ್ಲೇ ಇರುವಾಗ ಸುಮ್ನೆ ಗರಿಷ್ಠೀಕರಣ ಕಟ್ಟುವುದರ ಮೇಲೆ.

ಫಲಕಕ್ಕೆ ಹೀಗೆ ಬರೆಯಿರಿ: ‘ಬದಲಾಗುವ ಹದ ಹುಡುಕುವ ತಳಿ ಅಲ್ಗಾರಿದಂ’. ‘ಹದ’ದ ಅಕ್ಷರ ದೊಡ್ಡದಿರಲಿ.