ಮೇ ಕೊನೇಲಿ ಮಲ್ಪೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗ್ಬಹುದಾ? ಅಪ್ಪ, ಮಕ್ಕಳು ಇಬ್ರೂ ಇರ್ತಾರೆ

ಮೈಸೂರ್_ಮಲ್ಲಿಗೆ:

ಎಲ್ರಿಗೂ ನಮಸ್ಕಾರ. ನಾವು ಮೈಸೂರಲ್ಲಿರೋದು, ಊರು ಮಂಡ್ಯ ಕಡೆ. ಈ ಬೇಸಿಗೆ ರಜಕ್ಕೆ ಮಲ್ಪೆ, ಸೇಂಟ್ ಮೇರೀಸ್ ದ್ವೀಪ ಅಂತ ಪ್ಲಾನ್ ಮಾಡ್ತಿದ್ದೀವಿ. ಮಗಳಿಗೆ 9, ಮಗನಿಗೆ 5, ಜೊತೆಗೆ ನಮ್ಮಪ್ಪ ಬರ್ತಾರೆ, ಅವರಿಗೆ 71, ಮಂಡಿ ನೋವಿದೆ, ಮೆಟ್ಟಿಲು ಹತ್ತೋಕೆ ಕೋಲು ಬೇಕು. ಅಪ್ಪ ಜೀವಮಾನ ಪೂರ್ತಿ ಗದ್ದೆ, ನಾಲೆ ನೀರು ಅಂತಾನೇ ಕಳೆದವ್ರು, ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಹಾಗಾಗಿ ಇದು ಮಕ್ಕಳಿಗಿಂತ ಹೆಚ್ಚಾಗಿ ಅವರಿಗೋಸ್ಕರ ಹೋಗ್ತಿರೋದು ಅಂದ್ಕೊಳ್ಳಿ.

ನಮ್ಮನೆಯವ್ರಿಗೆ ರಜ ಸಿಗೋದೇ ಮೇ 22ರ ಮೇಲೆ. ದ್ವೀಪದಲ್ಲೇ ಒಂದು ರಾತ್ರಿ ಉಳ್ಕೊಳ್ಳೋಕೆ ರೂಮ್ ಏನಾದ್ರೂ ಸಿಗುತ್ತಾ, ಮಕ್ಕಳು ಅಲ್ಲಿ ನೀರಲ್ಲಿ ಆಡ್ಬಹುದಾ, ಅಪ್ಪಂಗೆ ಬೋಟ್ ಹತ್ತಿ ಇಳಿಯೋಕೆ ಆಗುತ್ತಾ? ಹೋಗಿ ಬಂದವ್ರು ದಯವಿಟ್ಟು ಹೇಳಿ.

ಕಡಲತಡಿಯವ:

ನಾನು ಮಲ್ಪೆಯವನೇ. ಮೊದಲು ತಾರೀಕಿನ ವಿಷಯ ಹೇಳ್ತೇನೆ, ಯಾಕೆಂದ್ರೆ ಅದು ಸರಿಯಾಗದಿದ್ರೆ ಬೇರೆ ಎಂತ ಹೇಳಿಯೂ ಪ್ರಯೋಜನ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಮೇ 16ರಿಂದ ಸೆಪ್ಟೆಂಬರ್ 15ರ ತನಕ ದ್ವೀಪಕ್ಕೆ ಬೋಟು ಬಂದ್ ಮಾಡ್ತಾರೆ, ಬೀಚಿನಲ್ಲಿ ನೀರಿಗೆ ಇಳಿಲಿಕ್ಕೂ ಬಿಡುದಿಲ್ಲ. ಮೇ 22ಕ್ಕೆ ನೀವು ಬಂದ್ರೆ ದಡದಲ್ಲಿ ನಿಂತು ದೂರದಿಂದ ದ್ವೀಪ ನೋಡಿ ವಾಪಸ್ ಹೋಗ್ಬೇಕಾಗ್ತದೆ. ಅಷ್ಟು ದೂರದಿಂದ ಮಕ್ಕಳನ್ನು, ವಯಸ್ಸಾದವರನ್ನು ಕರ್ಕೊಂಡು ಬಂದು ಹಾಗೆ ವಾಪಸ್ ಹೋಗುವವರನ್ನು ನಾವು ಪ್ರತಿ ವರ್ಷ ನೋಡ್ತೇವೆ, ಬೇಜಾರಾಗ್ತದೆ ಮಾರಾಯ್ರೆ.

ಮಳೆ ಇನ್ನೂ ಬಂದಿಲ್ಲ ಅಲ್ವಾ, ಮತ್ತೆ ಯಾಕೆ ಬಂದ್ ಅಂತ ತುಂಬ ಜನ ಕೇಳ್ತಾರೆ. ಮಳೆ ಬರುವ ಮೊದಲೇ ಕಡಲು ಬದಲಾಗ್ತದೆ. ಮೇಲೆ ಬಿಸಿಲು ಚೆನ್ನಾಗಿಯೇ ಇರ್ತದೆ, ಅಡಿಯಲ್ಲಿ ಸೆಳೆತ ಶುರುವಾಗಿರ್ತದೆ, ಅಲೆಯ ಸದ್ದೇ ಬೇರೆ ಆಗ್ತದೆ, ನಮಗೆ ರಾತ್ರಿ ಮನೆಯಲ್ಲಿ ಮಲಗಿದ್ರೂ ಗೊತ್ತಾಗ್ತದೆ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದದ್ದು ಮೇ ಮಧ್ಯದಲ್ಲೇ. ತೂಫಾನ್ ಎದ್ದರೆ 16ರವರೆಗೂ ಕಾಯುದಿಲ್ಲ, ಅದಕ್ಕೂ ಮೊದಲೇ ನಿಲ್ಲಿಸ್ತಾರೆ. ಆದ್ದರಿಂದ ಮೇ ಮೊದಲ ವಾರ ಬನ್ನಿ, ಏಪ್ರಿಲ್ ಕೊನೆ ಆದ್ರೆ ಇನ್ನೂ ಒಳ್ಳೇದು.

ಮತ್ತೆ, ದ್ವೀಪದಲ್ಲಿ ಉಳಿಲಿಕ್ಕೆ ಎಂತದೂ ಇಲ್ಲ. ಅದು ರಿಸಾರ್ಟ್ ದ್ವೀಪ ಅಲ್ಲ, ಅಲ್ಲಿ ಯಾರೂ ವಾಸ ಇಲ್ಲ. ತೆಂಗಿನ ಮರ, ಕಲ್ಲು, ಚಿಪ್ಪು, ಅಷ್ಟೇ. ನಾವು ಅದನ್ನು ತೋನ್ಸೆಪಾರ್ ಅಂತ ಹೇಳುದು. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರ್ಬೇಕು. ರೂಮು ಮಲ್ಪೆಯಲ್ಲೋ ಉಡುಪಿಯಲ್ಲೋ ಮಾಡಿ, ಎರಡಕ್ಕೂ ಮಧ್ಯೆ 6 ಕಿಲೋಮೀಟರ್ ಅಷ್ಟೇ ಇರುದು.

ನೀರಿಗೆ ಇಳಿಯುದು ಬೇಡವೇ ಬೇಡ. ದ್ವೀಪದ ಸುತ್ತ ಪಾಚಿ ಹಿಡಿದ ಕಲ್ಲು, ಕಾಲು ಜಾರಿದ್ರೆ ಪಕ್ಕದಲ್ಲೇ ಆಳ. ಫೋಟೋ ತೆಗಿಲಿಕ್ಕೆ ತುದಿಗೆ ಹೋಗಿ ಜೀವ ಕಳ್ಕೊಂಡವರಿದ್ದಾರೆ. ಸೀಟಿ ಊದಿದ್ರೆ ಮಾತು ಕೇಳಿ, ಆಯ್ತಾ? ಮಕ್ಕಳು ಆಡ್ಲಿಕ್ಕೆ ಮಲ್ಪೆ ಬೀಚೇ ಚೆಂದ, ಮರಳು ಸಪಾಟು, ಲೈಫ್‌ಗಾರ್ಡಿನವರೂ ಇರ್ತಾರೆ.

ಹುಬ್ಬಳ್ಳಿ_ಅಕ್ಕ:

ನಿಮ್ಮ ಅಪ್ಪಾರ ಬಗ್ಗೆ ಓದಿ ನಮ್ಮತ್ತಿ ನೆನಪಾದ್ರು, ಅದಕ್ಕ ಬರೀಲಿಕ್ಕತ್ತೀನಿ. ನಾವು ಹೋದ ವರ್ಷ ಏಪ್ರಿಲ್‌ನಾಗ ಹೋಗಿದ್ವಿ, ನಮ್ಮತ್ತಿಗೂ ಮಂಡಿ ನೋವು ಐತಿ. ದೊಡ್ಡ ಬೋಟ್ ಹತ್ತೋದು ಅಷ್ಟೇನ್ ತ್ರಾಸ್ ಆಗ್ಲಿಲ್ಲ, ಅರ್ಧ ತಾಸಿನ್ಯಾಗ ಹೋಗಿ ಮುಟ್ಟಿದ್ವಿ, ಆದ್ರ ದೊಡ್ಡ ಬೋಟ್ ದಂಡಿ ತನಕ ಹೋಗಂಗಿಲ್ಲ ನೋಡ್ರಿ, ನಾವು ಹೋದಾಗ ನಡುವ ನೀರಾಗ ನಿಲ್ಲಿಸಿ ಸಣ್ಣ ಬೋಟಿಗೆ ಇಳಿಸಿದ್ರು, ಅಲ್ಲೇ ನನ್ನ ಎದಿ ಡವಡವ ಅಂದಿದ್ದು. ಎರಡೂ ಬೋಟ್ ಒಂದು ಮ್ಯಾಲ ಒಂದು ಕೆಳಗ ಅಂತ ತೂಗಾಡ್ತಿದ್ವು. ಒಬ್ಬ ಹುಡುಗ ಅತ್ತಿಯವರ ಎರಡೂ ಮುಂಗೈ ಗಟ್ಟಿ ಹಿಡಕೊಂಡು "ಅಮ್ಮಾ ಈ ಅಲೆ ಹೋಗ್ಲಿ, ಈಗ ಬೇಡ, ಈಗ ಬೇಡ, ಹ್ಞಾಂ ಈಗ" ಅಂತ ಹೇಳಿ ಎತ್ತಿ ಇಳಿಸಿದ, ತಾಯಿನ್ನ ನೋಡಿಕೊಂಡಂಗ ನೋಡಿಕೊಂಡ. ಹಂಗಾಗಿ ಆಗಂಗಿಲ್ಲ ಅನ್ನಬ್ಯಾಡ್ರಿ, ಆದ್ರ ಮೊದಲೇ ಬೋಟಿನವರಿಗೆ ಮಂಡಿ ನೋವು ಐತಿ ಅಂತ ಹೇಳ್ರಿ, ಮಂದಿ ಎಲ್ಲಾ ಇಳಿದ ಮ್ಯಾಲೆ ಕಡೀಗೆ ನಿಧಾನ ಇಳಿಸ್ತಾರ.

ಚಪ್ಪಲಿ ವಿಷಯ ನೆನಪಿಡ್ರಿ. ಅಲ್ಲಿ ದಂಡ್ಯಾಗ ಉಸುಕಿಗಿಂತ ಚಿಪ್ಪೇ ಜಾಸ್ತಿ, ಲಕ್ಷಗಟ್ಲೆ ಚಿಪ್ಪು, ನಡೆದ್ರ ಕಾಲಾಗ ಕರಕರ ಅಂತಾವ. ನನ್ನ ಮಗ ಬರಿಗಾಲಾಗ ಓಡಿ ಹಿಮ್ಮಡಿ ಕೊಯ್ಕೊಂಡ, ಉಪ್ಪುನೀರು ಬಿದ್ದು ಚೀರಾಡಿದ. ಹಿಂದ ಬೆಲ್ಟ್ ಇರೋ ಸ್ಯಾಂಡಲ್ ಹಾಕಿಸ್ರಿ. ಟೊಪ್ಪಿಗಿ, ನೀರು, ಮಕ್ಕಳಿಗೆ ಒಂದೀಟು ತಿನ್ನಾಕ ಇರ್ಲಿ, ಕಸ ಮಾತ್ರ ವಾಪಸ್ ಚೀಲದಾಗ ತರ್ರಿ. ಮೊದಲನೇ ಬೋಟಿಗೇ ಹೋಗ್ರಿ, ಹನ್ನೊಂದರ ಮ್ಯಾಲೆ ಆ ಕರೀ ಕಲ್ಲು ಹೆಂಚು ಕಾದಂಗ ಕಾಯ್ತಾವ.

ಕಲ್ಲು_ಕಥೆ:

ಕಾಲೇಜಲ್ಲಿ ಜಿಯಾಲಜಿ ಪಾಠ ಮಾಡ್ತೀನಿ, ಆ ದ್ವೀಪಕ್ಕೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ. ನಿಮ್ಮ ಮಗಳಿಗೆ 9 ವರ್ಷ ಅಂದ್ರಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ, ದಯವಿಟ್ಟು ಬರೀ ಫೋಟೋ ತೆಗೆದು ವಾಪಸ್ ಬರಬೇಡಿ.

ಅಲ್ಲಿ ಕಲ್ಲುಗಳು ಕಂಬ ಜೋಡಿಸಿಟ್ಟ ಹಾಗೆ ನಿಂತಿರೋದು ಕಾಣ್ಸುತ್ತೆ. ಒಂದು ಕಂಬದ ತಲೆ ಹತ್ರ ಮಗಳನ್ನ ಕೂರಿಸಿ ಅಂಚುಗಳನ್ನ ಬೆರಳಲ್ಲಿ ಮುಟ್ಟಿ ಎಣಿಸೋಕೆ ಹೇಳಿ. ಕೆಲವಕ್ಕೆ ಐದು, ತುಂಬ ಕಡೆ ಆರು, ಅಲ್ಲಲ್ಲಿ ಏಳು. ಯಾರೂ ಕೆತ್ತಿದ್ದಲ್ಲ ಅದು. ನಿಮ್ಮಪ್ಪಂಗೆ ವಿವರಿಸೋದು ಇನ್ನೂ ಸುಲಭ, ಬೇಸಿಗೇಲಿ ಕೆರೆ ಬತ್ತಿದಾಗ ತಳದ ಕೆಸರು ಒಣಗಿ ಚೌಕ ಚೌಕವಾಗಿ ಬಿರುಕು ಬಿಡೋದನ್ನ ಅವ್ರು ನೂರು ಸಲ ನೋಡಿರ್ತಾರೆ. ಇಲ್ಲೂ ಹೆಚ್ಚುಕಮ್ಮಿ ಅದೇ, ಕೆಸರು ನೀರು ಹೋಗಿ ಕುಗ್ಗುತ್ತೆ, ಲಾವಾ ಬಿಸಿ ಆರಿ ಕುಗ್ಗುತ್ತೆ. ಮೇಲಿಂದ ಕೆಳಕ್ಕೆ ನಿಧಾನಕ್ಕೆ ಆರ್ತಾ ಹೋದ ಹಾಗೆ ಬಿರುಕೂ ಕೆಳಕ್ಕೆ ಇಳೀತಾ ಹೋಗಿ ಕಂಬ ಆಗುತ್ತೆ.

ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟ್ಕೊಂಡಿತ್ತು, ಅದು ಕಿತ್ಕೊಂಡು ದೂರ ಹೋಗೋ ಕಾಲದಲ್ಲಿ ಉಕ್ಕಿದ ಲಾವಾ ಇದು. ತುಂಬ ಜನ ಇದನ್ನ ಮಹಾರಾಷ್ಟ್ರದ ಡೆಕ್ಕನ್ ಟ್ರ್ಯಾಪ್ ಅನ್ನೋ ಲಾವಾ ಪದರಗಳ ಜೊತೆ ಸೇರಿಸಿಬಿಡ್ತಾರೆ, ಅದು ಸುಮಾರು 6.6 ಕೋಟಿ ವರ್ಷದ್ದು, ಇದು ಅದಕ್ಕಿಂತ ಹಳೇದು. ಬಸಾಲ್ಟ್ ಅಂತ, ಅಂದ್ರೆ ಸಿಲಿಕಾ (ಮರಳಲ್ಲಿರೋ ಅಂಶ) ಕಮ್ಮಿ ಇರೋ ಲಾವಾ ಕಲ್ಲು ಅಂತ ಎಲ್ರೂ ಹೇಳ್ತಾರೆ, ಆದ್ರೆ ಇದು ಸಿಲಿಕಾ ಜಾಸ್ತಿ ಇರೋ ರಯೋಲೈಟ್ ಜಾತಿಗೆ ಸೇರಿದ ಕಲ್ಲು. ಜಿಯಾಲಾಜಿಕಲ್ ಸರ್ವೇ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ, ಹಾಗಿದ್ರೂ ಕಲ್ಲಿನ ಮೇಲೆ ಹೆಸರು ಕೆತ್ತೋರು, ಚೂರು ಒಡ್ಕೊಂಡು ಹೋಗೋರು ಇದ್ದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮಕ್ಕಳಿಗೆ ಒಂದು ಚೂರೂ ತರಬಾರದು ಅಂತ ಮೊದಲೇ ಹೇಳಿಬಿಡಿ.

ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅನ್ನೋ ಮಾತೂ ಇದೆ, ಹೆಸರು ಬಂದಿದ್ದು ಹಾಗೆ ಅಂತಾರೆ.

ಮೈಸೂರ್_ಮಲ್ಲಿಗೆ:

ಇಷ್ಟು ಚೆನ್ನಾಗಿ ಬರೆದ ಎಲ್ರಿಗೂ ತುಂಬ ಥ್ಯಾಂಕ್ಸ್. ಬೋಟ್ ಬಂದ್ ಆಗುತ್ತೆ ಅನ್ನೋದೇ ಗೊತ್ತಿರ್ಲಿಲ್ಲ, ರೂಮ್ ಬುಕ್ ಮಾಡೋ ಮೊದಲೇ ಕೇಳಿದ್ದು ಒಳ್ಳೇದಾಯ್ತು. ನಮ್ಮನೆಯವ್ರ ಹತ್ರ ಮಾತಾಡ್ದೆ, ಅವ್ರಿಗೆ ಮೇ ಮೊದಲ ವಾರ ರಜ ಸಿಗಲ್ಲ, ಹಾಗಾಗಿ ನಾನು, ನನ್ನ ತಮ್ಮ, ಅಪ್ಪ, ಮಕ್ಕಳು ಹೋಗ್ತೀವಿ. ಕೆರೆ ಕೆಸರಿನ ವಿಷಯ ಅಪ್ಪಂಗೆ ಓದಿ ಹೇಳಿದೆ, "ಕಲ್ಲೂ ಹಂಗೇ ಸೀಳ್ತದಾ" ಅಂತ ಎರಡು ಸಲ ಕೇಳಿದ್ರು. ಕಾರಲ್ಲಿ ಬರೋದಾ ಟ್ರೇನಾ ಅಂತ ಯೋಚ್ನೆ. ಒಂದು ವೇಳೆ ಅಪ್ಪಂಗೆ ಸಣ್ಣ ಬೋಟಿಗೆ ಇಳಿಯೋಕೆ ಆಗದೇ ಹೋದ್ರೆ ದಡದಲ್ಲೇ ಅವ್ರಿಗೆ ನೋಡೋಕೆ ಏನಿದೆ?

ಕಡಲತಡಿಯವ:

ಟ್ರೇನಿಗೆ ಬನ್ನಿ, ಮಂಡಿ ನೋವಿನವರನ್ನು ಘಾಟಿ ರಸ್ತೆಯಲ್ಲಿ ಗಂಟೆಗಟ್ಟಲೆ ಕಾಲು ಮಡಚಿ ಕೂರಿಸುದು ಬೇಡ. ಬೆಂಗಳೂರಿಂದ ಮೈಸೂರು ಮೇಲೆ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ಟ್ರೇನ್ ಉಂಟು, ಟೈಮ್ ನೋಡಿ ಲೋವರ್ ಬರ್ತ್ ಮಾಡಿಸಿ. ಉಡುಪಿ ಸ್ಟೇಷನ್ ಇರುದು ಇಂದ್ರಾಳಿಯಲ್ಲಿ, ಹೊರಗೆ ರಿಕ್ಷಾ ಸಿಗ್ತದೆ. ಬೋಟಿನ ರೇಟು ನಾನು ಹೇಳುದಿಲ್ಲ, ಬದಲಾಗ್ತಾ ಇರ್ತದೆ, ಕೌಂಟರಿನಲ್ಲಿ ಬೋರ್ಡ್ ನೋಡಿ. ಶನಿವಾರ ಭಾನುವಾರ ಬೇಡ, ಕ್ಯೂ ಉದ್ದ ಇರ್ತದೆ.

ಅಪ್ಪನವರು ದ್ವೀಪಕ್ಕೆ ಹೋಗದಿದ್ರೂ ಬೇಜಾರು ಮಾಡ್ಬೇಡಿ. ಮಲ್ಪೆಯಲ್ಲಿ ಸೀ ವಾಕ್ ಉಂಟು, ಎರಡೂ ಬದಿ ನೀರು, ನಿಧಾನಕ್ಕೆ ನಡೆದು ತುದಿಯಲ್ಲಿ ಕೂರ್ಬಹುದು. ಇನ್ನೊಂದು, ಅವರು ನೀರು ಹಾಯಿಸಿದ ರೈತರು ಅಲ್ವಾ, ಕೋಡಿ ಬೆಂಗ್ರೆಗೆ ಕರ್ಕೊಂಡು ಹೋಗಿ. ಸೀತಾ, ಸುವರ್ಣಾ ಎರಡು ಹೊಳೆಯ ನೀರು ಬಂದು ಕಡಲಿಗೆ ಸೇರುದು ಅಲ್ಲಿ, ದಾರಿಯಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ಮಧ್ಯೆ ಒಂದು ರೋಡು, ಕಾರಿನಿಂದ ಇಳಿಯದೆಯೂ ಕಾಣ್ತದೆ.

ಸಂಜೆ ಐದರ ಮೇಲೆ ಹೋಗಿ, ಬಿಸಿಲು ಇಳಿದಿರ್ತದೆ.