ಕಾಡಂಚಿನ ಊರಿಗೆ 60,000 ರೂಪಾಯಿ: ಯಾವುದಕ್ಕೆ ಕೊಟ್ಟರೆ ಕಾಡಿಗೂ ಒಳ್ಳೆಯದು?

ಅಜ್ಜಿ ಊರು ಗುಂಡ್ಲುಪೇಟೆ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿದ್ದೇನೆ, ಅಜ್ಜಿ ಊರು ಬಂಡೀಪುರದ ಅಂಚಿಗೆ. ಆಫೀಸಿನಲ್ಲಿ ಏಳೆಂಟು ಜನ ಸೇರಿ ತಿಂಗಳು ತಿಂಗಳು ಎತ್ತಿಟ್ಟ ಹಣ ಈಗ 60,000 ಆಗಿದೆ. ಕಾಡು ಉಳಿಸುವ ಕೆಲಸಕ್ಕೇ ಕೊಡಬೇಕು ಅಂತ ಆಸೆ. ಅರಣ್ಯ ಇಲಾಖೆಗೆ ಪ್ರಾಣಿಗಳ ಫೋಟೊ ತೆಗೆಯುವ ಕ್ಯಾಮೆರಾ ಕೊಡಿಸೋಣ ಅಂತ ಹೆಚ್ಚಿನವರು ಹೇಳುತ್ತಿದ್ದಾರೆ.

ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋದಾಗ ಪಕ್ಕದ ಮನೆ ಅತ್ತೆಯ ಹಸುವನ್ನು ಹುಲಿ ಹಿಡಿದಿತ್ತು. ಡಾಕ್ಟರು ಬಂದು ನೋಡುವ ತನಕ ಅದನ್ನು ಅಲ್ಲಾಡಿಸುವ ಹಾಗಿಲ್ಲವಂತೆ. ಅತ್ತೆ ಕೊರಳಿನ ಗಂಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ನಾಯಿಗಳು ಎಳೆಯಬಾರದು ಅಂತ ಸಂಜೆವರೆಗೂ ಅಲ್ಲೇ ಕೂತಿದ್ದರು. ಡೇರಿಗೆ ದಿನಾ ಹಾಲು ಹಾಕಿ ಸಂಸಾರ ನಡೆಸುತ್ತಿದ್ದವರು. ಪರಿಹಾರ ಬಂದಿದ್ದು ಎಷ್ಟೋ ತಿಂಗಳ ಮೇಲೆ. ಸಫಾರಿಯಿಂದ ಅಷ್ಟು ಹಣ ಬರುತ್ತದಲ್ಲ, ಅದೆಲ್ಲ ಎಲ್ಲಿಗೆ ಹೋಗುತ್ತದೆ? ನಮ್ಮ ಈ ಚಿಕ್ಕ ಹಣ ಎಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ?

ಪಹಣಿ ಪುಟ್ಟಸ್ವಾಮಿ:
ನಮ್ಮ ಕಡೆ ರೈತರ ಪರಿಹಾರದ ಅರ್ಜಿ ತುಂಬಿಕೊಡುವುದು ನನ್ನ ದಿನದ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನ ಅಂತ ಬಂತು. ಪ್ರವೇಶ ಶುಲ್ಕದ ಹಣವನ್ನು ಅಲ್ಲಿಯೇ ಬಳಸಿಕೊಳ್ಳಬಹುದು, ಸುತ್ತಲ ಜನರ ಬದುಕಿಗೂ ಅದರಿಂದ ಕೆಲಸ ಆಗಬೇಕು ಅಂತ ಅದರ ಉದ್ದೇಶದಲ್ಲೇ ಇದೆ. ದೇಣಿಗೆಯನ್ನೂ ತೆಗೆದುಕೊಳ್ಳುತ್ತಾರೆ. ಗಣಿಗೋ ರಸ್ತೆಗೋ ಕಾಡು ಬಿಟ್ಟುಕೊಟ್ಟರೆ ಕಟ್ಟಿಸಿಕೊಳ್ಳುವ ಕ್ಯಾಂಪಾ ಹಣ ಬೇರೆ ಇದೆ, 2016ರ ಕಾಯ್ದೆ ಪ್ರಕಾರ ಅದರಲ್ಲಿ ನೂರಕ್ಕೆ 90 ಪಾಲು ರಾಜ್ಯಕ್ಕೆ. ಹಾಗಾಗಿ ಕ್ಯಾಮೆರಾಗೆ ನಿಮ್ಮ ಹಣವೇ ಆಗಬೇಕು ಅಂತೇನಿಲ್ಲ.

ಕೊರತೆ ಇರುವುದು ಹೊತ್ತಿಗೆ ಸಿಗುವ ಹಣಕ್ಕೆ. ಹಸು ಸತ್ತ ವಾರದಲ್ಲೇ ಮನೆಗೆ ದುಡ್ಡು ಬೇಕು. ಬೆಳೆ ಹೋದರೆ ಪಹಣಿ ಕೇಳುತ್ತಾರೆ, ಅದು ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ಗುತ್ತಿಗೆಗೆ ಮಾಡಿದವನಿಗಂತೂ ಯಾವ ಕಾಗದವೂ ಇಲ್ಲ. ಆನೆ ಒಂದು ರಾತ್ರಿ ನುಗ್ಗಿದರೆ ಅವನ ವರ್ಷದ ದುಡಿಮೆ ಮುಗಿಯಿತು.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂನಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷ ತಿಂದು ಸತ್ತವು. ಹುಲಿ ಕೊಂದ ಹಸುವಿನ ಮೈಗೆ ಸಿಟ್ಟಿನಿಂದ ವಿಷ ಹಾಕಿದ್ದರು. ಅದು ತಪ್ಪೇ, ಎರಡು ಮಾತಿಲ್ಲ. ಆದರೆ ಹಸು ಕಳೆದುಕೊಂಡ ಮನೆಗೆ ಮಾರನೇ ದಿನವೇ ಯಾರಾದರೂ ಹೋಗಿ ಕೈಗೆ ಒಂದಿಷ್ಟು ಹಣ ಕೊಟ್ಟು, ಅರ್ಜಿ ನಾವು ಹಾಕುತ್ತೇವೆ ಅಂದರೆ ಆ ಸಿಟ್ಟು ಅಷ್ಟು ದೂರ ಹೋಗುವುದಿಲ್ಲ. ಇದು ನಾನು ಕಣ್ಣಾರೆ ನೋಡಿದ್ದು.

ನನ್ನ ಸಲಹೆ: ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಹಣ ಇಡಿ. ಹಸು ಹೋದವರಿಗೆ ತಕ್ಷಣ ಮುಂಗಡ ಕೊಡಲಿ, ಸರ್ಕಾರದ ಪರಿಹಾರ ಬಂದಾಗ ಅವರು ತುಂಬಲಿ. ಬಡ್ಡಿ ಬೇಡ.

ಜೇನುಬಂಡೆ:
ಪುಟ್ಟಸ್ವಾಮಿ ಅಣ್ಣ ಹೇಳಿದ್ದು ಸರಿ. ಆದರೆ ಕಾಡಿನ ಜನ ಅಂದರೆ ಬರೀ ನಷ್ಟ ಆದವರು, ಪರಿಹಾರ ಕೇಳುವವರು ಅಂತ ಆಗಬಾರದು. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಪೋಡಿನವಳು, ಪೋಡು ಅಂದರೆ ನಮ್ಮ ಹಾಡಿ. 2011ರಲ್ಲಿ ನಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಅದೇ ವರ್ಷ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಬಂತು. ಹುಲಿ ಕಾಡಿನಲ್ಲಿ ಜೇನು, ನೆಲ್ಲಿ, ಪಾಚಿ ತರುವ ಹಕ್ಕು ಸುಮ್ನೆ ಬಂದಿದ್ದಲ್ಲ, ವರ್ಷಗಟ್ಟಲೆ ಓಡಾಡಿದ್ದಾರೆ ನಮ್ಮ ಹಿರಿಯರು.

ಈಗ ಕಾಡೊಳಗೆ ಎಲ್ಲಿ ನೋಡಿದರೂ ಲಂಟಾನ ಪೊದೆ, ಹೊರಗಿನಿಂದ ಬಂದ ಕಳೆ. ಹುಲ್ಲು ಬೆಳೆಯಲು ಜಾಗ ಇಲ್ಲ, ಹುಲ್ಲಿಲ್ಲದೆ ಕಡವೆ, ಜಿಂಕೆಗೆ ಮೇವು ಎಲ್ಲಿಂದ ಬರಬೇಕು? ಹಿಂದೆ ನಮ್ಮವರು ಬೇಸಿಗೆ ಶುರುವಿಗೇ ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲು ಮುಟ್ಟದ ಬೆಂಕಿ, ಎಲೆ ಸುಟ್ಟು ತಾನೇ ಆರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಜಾಸ್ತಿ ಆಯಿತು ಅಂತ ಅಜ್ಜಂದಿರು ಇವತ್ತಿಗೂ ಹೇಳುತ್ತಾರೆ.

ಈ ಲಂಟಾನ ಕಡಿಯುವುದಕ್ಕೆ ಕೂಲಿ ಕೊಡಿ. ಕಡ್ಡಿ ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಮಾಡಬಹುದು. ಗೂಡಲೂರು ಕಡೆಯ ಆದಿವಾಸಿಗಳು ಲಂಟಾನದಲ್ಲಿ ಮಾಡಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು ಅಲ್ವಾ. ಕಾಡಿಗೂ ಕೆಲಸ, ಮನೆಗೂ ಕೆಲಸ.

ವಾಚರ್ ಮಗ:
ನಮ್ಮಪ್ಪ ಹನ್ನೊಂದು ಬೇಸಿಗೆ ಫೈರ್ ವಾಚರ್ ಆಗಿದ್ದರು. ಹಸಿ ಸೊಪ್ಪಿನಲ್ಲಿ ಬಡಿದೇ ಬೆಂಕಿ ಆರಿಸುತ್ತಿದ್ದರು. ಒಂದು ಸಲ ಬೂಟಿನ ಅಡಿ ಕರಗಿ ಕಾಲಿಗೆ ಅಂಟಿತ್ತು. ನೀವು ಏನೇ ಮಾಡಿ, ನಾಲ್ಕು ಜೊತೆ ಒಳ್ಳೆ ಬೂಟು, ಟಾರ್ಚು ಅದರಲ್ಲಿ ಸೇರಿಸಿ.

ಅಜ್ಜಿ ಊರು ಗುಂಡ್ಲುಪೇಟೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊಟದ ಹೊತ್ತಿಗೆ ಗೆಳೆಯರಿಗೆ ಇದನ್ನೆಲ್ಲ ಓದಿ ಹೇಳಿದೆ, ಕ್ಯಾಮೆರಾ ಮಾತು ಬಿಟ್ಟರು. 50,000 ಸಂಘಕ್ಕೆ, ಉಳಿದಿದ್ದು ಬೂಟಿಗೆ. ಲಂಟಾನ ಕೂಲಿಗೆ ಮುಂದಿನ ವರ್ಷದ ಹಣ ಇಡುತ್ತೇವೆ ಅಕ್ಕಾ, ಯಾವ ಪೋಡಿನಲ್ಲಿ ಮಾತಾಡಬೇಕು ಅಂತ ತಿಳಿಸಿ. ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಸಂಘದ ಲೆಕ್ಕ ಬರೆಯಲು ಅತ್ತೆಯನ್ನೇ ಕೇಳುತ್ತೇನೆ. ಪುಟ್ಟಸ್ವಾಮಿ ಅವರೇ, ಅರ್ಜಿಗೆ ಯಾವ ಯಾವ ಫೋಟೊ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕೊಡುತ್ತೀರಾ, ಡೇರಿ ಗೋಡೆಗೆ ಅಂಟಿಸುತ್ತೇನೆ.