ವರ್ಕ್ ಹಾರ್ಡ್ ಸರಿಯಾ, ವರ್ಕ್ ಹಾರ್ಡ್ಲಿ ಸರಿಯಾ?

ಪ್ರಶ್ನೆ (ಜಮಖಂಡಿ):
ಕಳೆದ ವಾರ ಬಾಗಲಕೋಟೆಯಲ್ಲಿ ಕೆಲಸದ ಸಂದರ್ಶನ ಇತ್ತು. 'ಐ ವರ್ಕ್ ಹಾರ್ಡ್ಲಿ' ಎಂದೆ. ಎದುರಿಗಿದ್ದವರು ಮುಖ ಮುಖ ನೋಡಿಕೊಂಡರು. ಕನ್ನಡದಲ್ಲಿ 'ಚೆಂದ'ಕ್ಕೆ 'ಆಗಿ' ಸೇರಿಸಿದರೆ 'ಚೆಂದಾಗಿ'. ಇಂಗ್ಲಿಷಿನಲ್ಲೂ ಹಾಗೇ 'ಲಿ' ಸೇರಿಸಿದರೆ ಸಾಕು ಅಂತ ನಂಬಿದ್ದೆ. ಇನ್ನೊಂದು, ಅವ್ವನ ಎಣ್ಣೆಗಾಯಿ 'ಸ್ಮೆಲ್ಸ್ ಗುಡ್' ಅನ್ನಬೇಕಾ, 'ಸ್ಮೆಲ್ಸ್ ವೆಲ್' ಅನ್ನಬೇಕಾ?

ಉತ್ತರ (ವಿಜಯಪುರ):
ತಮ್ಮಾ, ಬೇಜಾರು ಮಾಡ್ಕೋಬೇಡ. ನನ್ನ ಟ್ಯೂಷನ್ ಮಕ್ಕಳೂ ಇಲ್ಲೇ ಎಡವುತ್ತಾರೆ. 'ಹಾರ್ಡ್ಲಿ' ಅಂದರೆ ಇಲ್ಲ ಅನ್ನುವಷ್ಟು ಕಡಿಮೆ. ಕೆಲಸವನ್ನೇ ಮಾಡುವುದಿಲ್ಲ ಅಂದ ಹಾಗಾಯಿತು. 'ವರ್ಕ್ ಹಾರ್ಡ್' ಅನ್ನು. ಹಾರ್ಡ್, ಫಾಸ್ಟ್ ಗುಣ ಹೇಳುವಾಗಲೂ, ಕೆಲಸ ಹೇಗೆ ಆಗುತ್ತದೆ ಅಂತ ಹೇಳುವಾಗಲೂ ಹಾಗೇ ಇರುತ್ತವೆ: 'ಫಾಸ್ಟ್ ಬಸ್', 'ರನ್ ಫಾಸ್ಟ್'.

ಎಣ್ಣೆಗಾಯಿಗೆ 'ಗುಡ್' ಸರಿ. ಇಲ್ಲಿ 'ಸ್ಮೆಲ್ಸ್' ಅನ್ನುವುದು ಪಲ್ಯ ತಾನೇ ಮಾಡುವ ಕೆಲಸವಲ್ಲ, ಪಲ್ಯ ಹೇಗಿದೆ ಅನ್ನುವ ಮಾತು. ಆ ಜಾಗದಲ್ಲಿ 'ಈಸ್' ಇಟ್ಟು ನೋಡು. ವಾಕ್ಯ ನಿಂತರೆ ಗುಣ ಹೇಳುವ ಪದವೇ ಬೇಕು. ಲುಕ್, ಟೇಸ್ಟ್, ಫೀಲ್ ಕೂಡ ಹೀಗೇ.

ಉತ್ತರ (ಬೆಳಗಾವಿ):
ಯಾವ ಪದದ ಜೊತೆ ಯಾವ ಪದ ಬರುತ್ತದೆ ಅನ್ನುವ ಜೋಡಿಗಳನ್ನೂ ಕಲಿಯಿರಿ. ನಮ್ಮೂರಲ್ಲಿ ಜುಲೈನಲ್ಲಿ ಮಳೆನೂ ಜೋರು, ಗಾಳಿನೂ ಜೋರು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಚಹಾನೂ 'ಸ್ಟ್ರಾಂಗ್'. ಇದಕ್ಕೆ ನಿಯಮ ಹುಡುಕಬೇಡಿ, ಜೋಡಿಯಾಗಿಯೇ ಬಾಯಿಗೆ ರೂಢಿ ಮಾಡಿಕೊಳ್ಳಿ. ನಾನು ಹಾಗೇ ಕಲಿತೆ.

ಪ್ರಶ್ನೆ ಕೇಳಿದವರು:
ಹಾಗಾದರೆ 'ಐ ಕೇಮ್ ಲೇಟ್ಲಿ' ಕೂಡ ತಪ್ಪು ಅಲ್ವಾ?

ಉತ್ತರ (ವಿಜಯಪುರ):
ಹೌದು. ತಡವಾಗಿ ಬಂದರೆ 'ಲೇಟ್'. 'ಲೇಟ್ಲಿ' ಅಂದರೆ ಇತ್ತೀಚೆಗೆ.